ಬಿಗಿದುಕೊಂಡ ಮುಚ್ಚಳ

(ಗುರುತು ಸಿಗದಂತೆ ಹೆಸರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಶಾರದಮ್ಮನವರನ್ನು ಜನವರಿಯಲ್ಲಿ ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಕರೆತಂದವಳು ಅವರ ಮಗಳು. 58 ವರ್ಷ, ಮೈಸೂರಿನ ಹಳೆಯ ಬಡಾವಣೆಯಲ್ಲಿ ಮನೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು, ಬಿಡುವಿನಲ್ಲೆಲ್ಲ ತೈಲವರ್ಣದಲ್ಲಿ ಹೂವು, ಕೆರೆ, ಗದ್ದೆ ಬರೆದವರು. ಕುಕ್ಕರಹಳ್ಳಿ ಕೆರೆಯ ಏರಿ, ಮಂಡ್ಯದ ದಾರಿಯ ಕಬ್ಬಿನ ಹಸಿರು, ಬೇಸಿಗೆಯಲ್ಲಿ ಕೆಂಪೇರುವ ಕತ್ತಿಕಾಯಿ (ಗುಲ್‌ಮೊಹರ್) ಮರ. ಹಿಂದಿನ ಮೇ ತಿಂಗಳಲ್ಲಿ ಪತಿ ತೀರಿಕೊಂಡ ಮೇಲೆ ಕುಂಚ ಮುಟ್ಟಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

ಆರು ತಿಂಗಳು ದಾಟಿಯೂ ಬದುಕನ್ನು ಕಟ್ಟಿಹಾಕುವ ದುಃಖಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಹೆಸರಿದೆ. ಆ ಹೆಸರನ್ನು ಅಂಟಿಸುವ ಅವಸರ ನನಗಿರಲಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದರು. ನಿದ್ದೆಗಾಗಿ ಮನೋವೈದ್ಯರನ್ನೂ ಕಾಣಲು ಹೇಳಿದೆ.

ಚಿತ್ರ ಏಕೆ ನಿಂತಿತು ಎಂದಾಗ ನಾದಿನಿಯ ಮಾತು ಹೇಳಿದರು: "ವೈಕುಂಠ ಸಮಾರಾಧನೆಯ ದಿನವೇ, ಇನ್ನು ನಿನಗೆ ಹೂವಿನ ಹಂಗೇಕೆ ಅಂದಳು ಮೇಡಂ. ಮುಡಿಯಬಾರದ ಹೂವನ್ನು ಬರೆಯುತ್ತಾ ಕೂತರೆ ನೋಡಿದವರು ಏನೆನ್ನುತ್ತಾರೆ?" ನನಗೆ ಸಿಟ್ಟು ಬಂತು. ಎರಡು ಭೇಟಿಗಳನ್ನು ಆ ಮಾತಿನ ವಿರುದ್ಧ ವಾದಿಸುವುದರಲ್ಲೇ ಕಳೆದೆ. ಅವರು ತಲೆಯಾಡಿಸಿದರು, ಮನೆಗೆ ಹೋಗಿ ಮೊದಲಿನಂತೆಯೇ ಇದ್ದರು. ತಪ್ಪು ನನ್ನದು. ನನ್ನ ಸಿಟ್ಟನ್ನು ಅವರ ನೋವೆಂದು ಭಾವಿಸಿದ್ದೆ.

ಮೂರನೆಯ ಭೇಟಿಯಲ್ಲಿ ಕೊನೆಯ ಚಿತ್ರ ಯಾವುದು ಎಂದು ಕೇಳಿದೆ. ಬಹಳ ಹೊತ್ತು ಸೆರಗಿನ ಅಂಚು ಮಡಚಿದರು, ಬಿಡಿಸಿದರು. ಪತಿ ತೀರಿಕೊಂಡ ದಿನ ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಬಳಿ ಕತ್ತಿಕಾಯಿ ಮರವನ್ನು ಬರೆಯುತ್ತಿದ್ದರು. ಫೋನು ಬ್ಯಾಗಿನ ತಳದಲ್ಲಿತ್ತು. ಪಕ್ಕದ ಮನೆಯವರು ನಾಲ್ಕು ಬಾರಿ ಕರೆ ಮಾಡಿದ್ದರು. "ಅವರು ಎದೆ ಹಿಡಿದುಕೊಂಡಾಗ ನಾನು ಹೂವಿಗೆ ಕೆಂಪು ಹಚ್ಚುತ್ತಿದ್ದೆ" ಎಂದರು. ಮೂರು ದಿನ ಮೊದಲು ಪತಿ ಎದೆಯುರಿ ಎಂದಾಗ ಜೀರಿಗೆ ಕಷಾಯ ಮಾಡಿಕೊಟ್ಟಿದ್ದನ್ನೂ ಹೇಳಿದರು.

"ನಿಮ್ಮ ತಪ್ಪಿಲ್ಲ" ಎಂದು ನಾನು ಹೇಳಲಿಲ್ಲ. ಬಂದವರೆಲ್ಲ ಅದನ್ನು ಹೇಳಿ ಹೋಗಿದ್ದರು. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಅಂದು ಗೊತ್ತಿದ್ದದ್ದು, ಬಲಕ್ಕೆ ಇಂದು ಗೊತ್ತಿರುವುದು, ಗಂಟೆ ಗಂಟೆಯ ಲೆಕ್ಕದಲ್ಲಿ ಬರೆಯಿರಿ ಎಂದೆ. ಎದೆಯುರಿ ಹೃದಯದ್ದು ಎಂಬುದು ಬಲಕ್ಕೆ ಹೋಯಿತು. ಎಡಕ್ಕೆ ಪತಿಯ ಮಾತೊಂದು ಬಂತು: "ಹೋಗಿ ಬಾ, ಮಳೆ ಹೊಡೆದರೆ ಹೂವೆಲ್ಲ ಉದುರುತ್ತದೆ." ಚಿತ್ರ ನಿಲ್ಲಿಸುವ ಈಸೆಲ್ಲನ್ನು ಸ್ಕೂಟರಿಗೆ ಕಟ್ಟಿಕೊಟ್ಟವರೂ ಅವರೇ. ಅದನ್ನು ಬರೆದ ಮೇಲೆ ಶಾರದಮ್ಮ ನನ್ನೆದುರು ಮೊದಲ ಬಾರಿಗೆ ಅತ್ತರು.

ಆ ಕ್ಯಾನ್ವಾಸು ಅಟ್ಟದ ಮೇಲೆ, ಗೋಡೆಗೆ ಮುಖ ಮಾಡಿಕೊಂಡಿತ್ತು. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆಯ ಬಣ್ಣ ಹಳದಿಗೆ ತಿರುಗುತ್ತದೆ, ಬೆಳಕಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ ಎಂದು ನನಗೆ ತಿಳಿಸಿದವರು ಅವರೇ. ಹಾಗಾದರೆ ಈ ವಾರ ಅದನ್ನು ಇಳಿಸಿ ಕಿಟಕಿಯ ಬಳಿ ಇಡಿ, ಅಷ್ಟೇ ಕೆಲಸ ಎಂದೆ. ಪೂರ್ತಿ ಮಾಡುವ ಮಾತೇ ಬೇಡ. ಮುಂದಿನ ವಾರ ಅರ್ಧ ಗಂಟೆ ಕುಳಿತು ಬರಿಯ ಹಸಿರುಗಳನ್ನು ಕಲಸುವುದು. ಮಗಳಿಗೆ ಹೇಳಿದ್ದು ಬೇರೆ: "ಬರೆಯಮ್ಮ, ಮನಸ್ಸು ಹಗುರವಾಗುತ್ತದೆ" ಎನ್ನಬೇಡ. ಅದೇ ಕೋಣೆಯಲ್ಲಿ ನಿನ್ನ ಕೆಲಸ ಮಾಡುತ್ತಾ ಕೂತಿರು. ಹೂವಿನ ಮಾತಾಡಿದ ಸೋದರತ್ತೆಯೊಂದಿಗೆ ಮಾತಾಡುವ ಹೊಣೆಯನ್ನು ಅವಳೇ ಹೊತ್ತಳು.

ಕೈ ಮರೆತಿರುತ್ತದೆ ಎಂಬ ಅಂಜಿಕೆ ಅವರಿಗಿತ್ತು. ರುಮಾಲೆ ಚನ್ನಬಸವಯ್ಯನವರ ಹೂಮರಗಳೆಂದರೆ ಅವರಿಗೆ ಪ್ರಾಣ. ಆ ಕಲಾವಿದರು ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಂದು ವರ್ಷಗಟ್ಟಲೆ ಕುಂಚದಿಂದ ದೂರವಿದ್ದು, 1960ರ ದಶಕದಲ್ಲಿ ಮತ್ತೆ ಬಣ್ಣಕ್ಕೆ ಮರಳಿದವರು. ನೆನಪಿಸಿದಾಗ ಸಣ್ಣಗೆ ನಕ್ಕರು.

ಮಾರ್ಚಿನ ಹೊತ್ತಿಗೆ ಕೆರೆಯ ನೀರು, ಗದ್ದೆ ಬಂದವು. ಕೆಂಪು ಮಾತ್ರ ಇಲ್ಲ. ಏಪ್ರಿಲ್ ಕೊನೆಯಲ್ಲಿ ಕರೆ ಮಾಡಿದರು. ಕೆಂಪು ಟ್ಯೂಬಿನ ಮುಚ್ಚಳ ಒಣಗಿ ಬಿಗಿದುಕೊಂಡಿದ್ದು, ಬಿಸಿನೀರಿನ ಲೋಟದಲ್ಲಿ ಅದ್ದಿಟ್ಟು ಬಟ್ಟೆ ಸುತ್ತಿ ತಿರುಗಿಸಿದರಂತೆ. "ಬಂತು ಮೇಡಂ. ಒಳಗೆ ಬಣ್ಣ ಹಸಿಯಾಗಿಯೇ ಇದೆ."

ವರ್ಷದ ತಿಥಿ ಮುಗಿಸಿ ಮಗಳೊಂದಿಗೆ ಕೆರೆಗೆ ಹೋಗಿ ಬಂದಿದ್ದಾರೆ. ಫೋನನ್ನು ಈಸೆಲ್ಲಿನ ಕಾಲಿಗೆ, ಕಣ್ಣಿಗೆ ಕಾಣುವಂತೆ, ದಾರದಿಂದ ಕಟ್ಟಿಕೊಂಡಿದ್ದರಂತೆ. ನಾನು ಬೇಡವೆನ್ನಲಿಲ್ಲ.