ಓದುಗರ ಪ್ರಶ್ನೆ: ಸೀಟಿ ಊದದೆ ಬಂದ ಗೋಲು ಸರಿಯೇ?

ಪ್ರಶ್ನೆ: 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಣ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಪ್ಲೇಆಫ್ ಪಂದ್ಯದ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ವಾದ ನಡೆಯುತ್ತದೆ. ಎದುರಾಳಿಗಳು ಚೆಂಡಿಗೆ ಅಡ್ಡಲಾಗಿ ಸಾಲಾಗಿ ನಿಂತು ತಡೆಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ, ರೆಫರಿ ಸೀಟಿ ಊದದೆ ಬೆಂಗಳೂರಿನ ಸುನಿಲ್ ಚೆಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ಬೆಂಗಳೂರಿನ ಅಭಿಮಾನಿಯಾದ ನೀವು ಮನಃಪೂರ್ವಕವಾಗಿ ಒಪ್ಪುತ್ತೀರಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಒಪ್ಪುತ್ತೇನೆ, ಆದರೆ ನಮ್ಮ ತಂಡ ಗೆದ್ದಿತೆಂಬ ಕಾರಣಕ್ಕಲ್ಲ. ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಕಿಕ್‌ಗೆ ಪ್ರತಿ ಬಾರಿಯೂ ಸೀಟಿ ಊದಲೇಬೇಕೆಂಬ ನಂಬಿಕೆ ನಮ್ಮ ನೋಡುಗರಲ್ಲಿ ಬಲವಾಗಿದೆ. ಫುಟ್‌ಬಾಲ್ ನಿಯಮದಲ್ಲಿ ಹಾಗಿಲ್ಲ. ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕೆಂಬುದು ಫ್ರೀ ಕಿಕ್ ಪಡೆದ ತಂಡಕ್ಕೆ ಸಿಕ್ಕಿರುವ ರಕ್ಷಣೆ. ಆ ರಕ್ಷಣೆ ಬೇಕೆಂದು ತಂಡ ಕೇಳಿದರೆ ರೆಫರಿ ಆಟವನ್ನು ತಡೆದು, ಎದುರಾಳಿಗಳನ್ನು ಹಿಂದಕ್ಕೆ ಸರಿಸಿ, ನಂತರ ಸೀಟಿ ಊದಿಯೇ ಆಟ ಮುಂದುವರಿಸಬೇಕು. ಬೇಡವೆಂದರೆ ತಕ್ಷಣವೇ ಒದೆಯಬಹುದು. ತಪ್ಪೆಸಗಿದ ತಂಡಕ್ಕೆ ತನ್ನ ರಕ್ಷಣಾ ಸಾಲನ್ನು ಸರಿಪಡಿಸಿಕೊಳ್ಳಲು ಪುರುಸೊತ್ತು ಸಿಗಬಾರದು, ಅನ್ಯಾಯಕ್ಕೊಳಗಾದ ತಂಡ ತನ್ನ ವೇಗವನ್ನು ಕಳೆದುಕೊಳ್ಳಬಾರದು ಎಂಬುದೇ ಈ ಅವಕಾಶದ ಹಿಂದಿರುವ ನ್ಯಾಯ, ಮತ್ತು ನನಗೆ ಇದು ಆಟದ ಅತ್ಯಂತ ಒಳ್ಳೆಯ ನಿಯಮಗಳಲ್ಲಿ ಒಂದೆನಿಸುತ್ತದೆ.

ತೊಂಬತ್ತು ನಿಮಿಷ ಗೋಲಿಲ್ಲದೆ ಕಳೆದು, ಹೆಚ್ಚುವರಿ ಅವಧಿಯ ಮೊದಲ ಭಾಗದಲ್ಲಿ ಆ ಫ್ರೀ ಕಿಕ್ ಬಂದಾಗ ಕೇರಳದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ತಮ್ಮ ಆಟಗಾರರನ್ನು ನಿಲ್ಲಿಸುವುದರಲ್ಲಿ ತೊಡಗಿದ್ದರು. ತನಗೆ ಸೀಟಿಯೂ ಬೇಡ, ಗೋಡೆ ಸರಿಸುವುದೂ ಬೇಡ ಎಂದು ರೆಫರಿ ಕ್ರಿಸ್ಟಲ್ ಜಾನ್ ಅವರಿಗೆ ಮೊದಲೇ ತಿಳಿಸಿದ್ದಾಗಿಯೂ, ಪಕ್ಕದಲ್ಲಿದ್ದ ಕೇರಳದ ಆಟಗಾರ ಅಡ್ರಿಯಾನ್ ಲೂನಾ ಅದನ್ನು ಕೇಳಿಸಿಕೊಂಡೇ ತನ್ನನ್ನು ಒಮ್ಮೆ ತಡೆದರೆಂದೂ ಚೆಟ್ರಿ ಪಂದ್ಯದ ನಂತರ ವಿವರಿಸಿದರು. ರೆಫರಿ ತಡೆಗೋಡೆಯ ವ್ಯವಸ್ಥೆಗೆ ತೊಡಗಿದ ಮೇಲೆ ಅದು ತ್ವರಿತ ಫ್ರೀ ಕಿಕ್ ಆಗಿ ಉಳಿಯುವುದಿಲ್ಲ, ಆದ್ದರಿಂದ ಸೀಟಿ ಬೇಕೇ ಬೇಕಿತ್ತು ಎಂಬುದು ಕೇರಳದವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಇಡೀ ವಿವಾದ ನಿಂತಿರುವುದೇ ಇದರ ಮೇಲೆ. ಆದರೆ ಇದು ರೆಫರಿಗೆ ಹಾಕಬೇಕಾದ ಪ್ರಶ್ನೆಯೇ ಹೊರತು ಚೆಟ್ರಿಯವರನ್ನು ಮೋಸಗಾರರೆನ್ನಲು ಆಧಾರವಲ್ಲ. ಕೇಳಿ, ಒಪ್ಪಿಗೆ ಪಡೆದು, ತೆರೆದ ಗೋಲಿಗೆ ಚೆಂಡು ಕಳಿಸಿದ ಆಟಗಾರನದು ಜಾಣ್ಮೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಲ್ಲಿಂದ ನೋಡುವವರಿಗೆ ಆಟಗಾರ ಮತ್ತು ರೆಫರಿ ನಡುವಿನ ಮಾತು ತಲುಪುವಂತಿರಲಿಲ್ಲ. ಹಳದಿ ಅಂಗಿಯ ಕೇರಳ ಅಭಿಮಾನಿಗಳಿಗೆ ಅದು ಕಳ್ಳತನದಂತೆ ಕಂಡಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಪ್ರಶ್ನೆ: ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಅಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಐಎಸ್‌ಎಲ್‌ನಲ್ಲಿ ಆಗ ವಿಎಆರ್ ಇರಲಿಲ್ಲ. ಇರಬೇಕೆಂದು ನಾನೂ ಬಯಸುತ್ತೇನೆ, ಆದರೆ ಈ ಗೋಲಿನ ಮಟ್ಟಿಗೆ ಅದರಿಂದ ಹೆಚ್ಚಿನ ಪ್ರಯೋಜನ ಆಗುತ್ತಿರಲಿಲ್ಲ. ಚೆಂಡು ಗೆರೆ ದಾಟಿತೇ, ಆಫ್‌ಸೈಡ್ ಇತ್ತೇ ಎಂಬುದನ್ನು ಕ್ಯಾಮೆರಾ ಹೇಳಬಲ್ಲದು. ತಾನು ಒಪ್ಪಿಗೆ ಕೊಟ್ಟೆನೋ ಇಲ್ಲವೋ ಎಂಬುದನ್ನು ರೆಫರಿ ಪರದೆ ನೋಡಿ ತಿಳಿಯಬೇಕಾಗಿಲ್ಲ.

ಪ್ರಶ್ನೆ: ನಾನು ಕಾಸರಗೋಡಿನ ಕನ್ನಡತಿ, ಬ್ಲಾಸ್ಟರ್ಸ್ ಅಭಿಮಾನಿ. ಅಂದು ಆ ಗೋಲನ್ನು ವಿರೋಧಿಸಿ ನಮ್ಮ ಕೋಚ್ ಪಂದ್ಯದ ನಡುವೆಯೇ ತಂಡವನ್ನು ಮೈದಾನದಿಂದ ಹೊರಗೆ ಕರೆದದ್ದನ್ನು ಎಲ್ಲರೂ ಬೈದರು. ನಮ್ಮ ನೋವನ್ನು ಯಾರೂ ಕೇಳಲಿಲ್ಲ. ಈ ಪೈಪೋಟಿ ಇನ್ನು ಬರೀ ದ್ವೇಷವಾಗಿಯೇ ಉಳಿಯುವುದೇ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. 2014, 2016 ಮತ್ತು 2022ರಲ್ಲಿ ಫೈನಲ್ ತಲುಪಿಯೂ ಪ್ರಶಸ್ತಿ ಸಿಗದ ತಂಡದ ಅಭಿಮಾನಿಗಳಿಗೆ ಇನ್ನೊಂದು ವರ್ಷ ಹೀಗೆ ಮುಗಿಯುವುದೆಂದರೆ ಸಹಿಸುವುದು ಕಷ್ಟ. ಆದರೂ ಕೋಚ್ ಇವಾನ್ ವುಕೊಮನೊವಿಚ್ ಅವರ ಆ ನಿರ್ಧಾರವನ್ನು ನಾನು ಸಮರ್ಥಿಸಲಾರೆ, ಏಕೆಂದರೆ ಆಗ ಇನ್ನೂ ಇಪ್ಪತ್ತು ನಿಮಿಷಗಳಿಗಿಂತ ಹೆಚ್ಚಿನ ಆಟ ಬಾಕಿ ಇತ್ತು, ಬೇಕಾಗಿದ್ದುದು ಒಂದೇ ಗೋಲು. ಲೂನಾ ಅವರಂಥ ಆಟಗಾರನಿದ್ದ ತಂಡಕ್ಕೆ ಅದು ಅಸಾಧ್ಯವಾಗಿರಲಿಲ್ಲ. ನಿಮಗೆ ಮರಳಿ ಹೋರಾಡುವ ಅವಕಾಶ ತಪ್ಪಿತು. ನಮಗೆ, ಗೆದ್ದವರಿಗೆ, ಗೆಲುವನ್ನು ಕೊನೆಯ ಸೀಟಿಯವರೆಗೆ ಕಾಯ್ದುಕೊಳ್ಳುವ ತಳಮಳ ತಪ್ಪಿತು, ಮತ್ತು ಅಭಿಮಾನಿಗೆ ಆ ತಳಮಳಕ್ಕಿಂತ ದೊಡ್ಡ ಸುಖವಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಶಿಸ್ತು ಸಮಿತಿಯು ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿ, ಕೋಚ್ ಅವರನ್ನು 10 ಪಂದ್ಯಗಳಿಂದ ದೂರವಿಟ್ಟಿತು. ಕ್ಲಬ್ ಬಹಿರಂಗವಾಗಿ ಕ್ಷಮೆ ಕೇಳಿತು.

ಹದಿನೈದು ದಿನಗಳ ನಂತರ ಗೋವಾದ ಫತೋರ್ಡಾದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಸರದಿ ಬಂತು. ಎಟಿಕೆ ಮೋಹನ್ ಬಾಗನ್ ವಿರುದ್ಧ 2–2ರಲ್ಲಿ ನಿಂತ ಆ ಪಂದ್ಯದ ರೆಫರಿ ತೀರ್ಪುಗಳ ಬಗ್ಗೆ ಬೆಂಗಳೂರಿನ ಕಡೆಯಿಂದ ಬಹಳ ಸಿಟ್ಟು ವ್ಯಕ್ತವಾಯಿತು. ಆದರೆ ತಂಡ ಕೊನೆಯವರೆಗೂ ಆಡಿ, ಪೆನಾಲ್ಟಿ ಶೂಟೌಟ್‌ನಲ್ಲಿ 4–3ರಿಂದ ಸೋತು ಹಿಂದಿರುಗಿತು. ಆ ಸೋಲಿನ ಬಗ್ಗೆ ಮಾತನಾಡಲು ನಮಗೆ ಸಂಕೋಚವಿಲ್ಲದಿರುವುದು ಅದಕ್ಕಾಗಿಯೇ.

ಕಂಠೀರವದ ಗಲಾಟೆಯ ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಮೊದಲು ಗೆದ್ದದ್ದು 1968–69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಅಂಥ ದಿನವೂ ಫುಟ್‌ಬಾಲ್ ಪ್ರಿಯರ ನಾಲಿಗೆಯ ಮೇಲಿದ್ದದ್ದು ಸೀಟಿಯ ಜಗಳವೇ ಎಂಬುದು ನನ್ನನ್ನು ಈಗಲೂ ಬೇಸರಗೊಳಿಸುತ್ತದೆ.

ದ್ವೇಷದ ಬಗ್ಗೆ ಕೇಳಿದ್ದೀರಿ. ಬೆಂಗಳೂರಿನಲ್ಲಿ ದುಡಿಯುವ ಮಲಯಾಳಿಗಳು ಅಪಾರ ಸಂಖ್ಯೆಯಲ್ಲಿದ್ದಾರೆ. ಒಂದೇ ಕಚೇರಿಯಿಂದ ಹೊರಟು, ಒಬ್ಬರು ನೀಲಿ, ಇನ್ನೊಬ್ಬರು ಹಳದಿ ಅಂಗಿ ತೊಟ್ಟು ಕಂಠೀರವಕ್ಕೆ ಬರುವವರಿದ್ದಾರೆ. ಕೇರಳದ ರಿನೊ ಆಂಟೊ ಎರಡೂ ಕ್ಲಬ್‌ಗಳಿಗೆ ಆಡಿದರು. ಸಿ.ಕೆ. ವಿನೀತ್ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಬೆಂಗಳೂರು ತಂಡದಲ್ಲಿದ್ದರು. ಅದೇ ವರ್ಷ ಬ್ಲಾಸ್ಟರ್ಸ್‌ಗೆ ಆಡಿ, ಆ ತಂಡವೂ ಫೈನಲ್ ತಲುಪುವಂತೆ ಗೋಲುಗಳನ್ನು ಹೊಡೆದರು. ಅವರ ಹೆಸರನ್ನು ನಿಮ್ಮಷ್ಟೇ ಪ್ರೀತಿಯಿಂದ ನಾವೂ ಹೇಳುತ್ತೇವೆ.