ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೂತಾಗ ಹೆಲ್ತ್ ಇನ್ಶೂರೆನ್ಸ್ ಮಾತು ತೆಗೀಬೇಡಿ ಅಂತ ಮನೆಯವ್ರಿಗೆ ಮೊದಲೇ ಹೇಳಿಬಿಡ್ಲಾ?

ಹೇಳ್ಬೇಡಿ. ಅಮೆರಿಕದಲ್ಲಿ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲಾ ಒಟ್ಟಿಗೆ ಸೇರೋದೇ ಆ ನಾಲ್ಕು ದಿನ, ಅದ್ರಲ್ಲೂ ಒಬಾಮಾಕೇರ್ ಅನ್ನೋ 2010ರ ಇನ್ಶೂರೆನ್ಸ್ ಕಾನೂನು, ಸಬ್ಸಿಡಿ, ಟ್ಯಾಕ್ಸ್ ಅಂತ ಶುರುವಾಗಿ ಯಾರಾದ್ರೂ ತಟ್ಟೆ ಬಿಟ್ಟು ಎದ್ದು ಹೋಗ್ತಾರೆ, ಅಮ್ಮ ಬೇಜಾರ್ ಮಾಡ್ಕೋತಾರೆ ಅಂತ ನೀವು ಬರ್ದಿದೀರಿ. ನಮ್ಮನೆ ಕಥೆನೂ ಅದೇ. ಆದ್ರೂ ನಾನು ಹೇಳೋದು, ಮಾತು ನಿಲ್ಲಿಸ್ಬೇಡಿ, ಶುರು ಮಾಡೋ ರೀತಿ ಬದಲಾಯಿಸಿ.

ಈ ಜಗಳ ನವೆಂಬರ್‌ನಲ್ಲೇ ಬರೋದಕ್ಕೆ ಕಾರಣ ಇದೆ ರೀ. ಎಲ್ಲರ ಕೈಗೂ ಮುಂದಿನ ವರ್ಷದ ರೇಟು ಆಗ್ತಾನೇ ಬಂದಿರುತ್ತೆ. ಮೆಡಿಕೇರ್ ಅಂದ್ರೆ ಮುಖ್ಯವಾಗಿ 65 ದಾಟಿದವ್ರ ಸರ್ಕಾರಿ ಇನ್ಶೂರೆನ್ಸ್, ಅದರವ್ರಿಗೆ ಪ್ಲಾನ್ ಬದಲಾಯಿಸೋಕೆ ಅಕ್ಟೋಬರ್ 15ರಿಂದ ಡಿಸೆಂಬರ್ 7, ಸ್ವಂತವಾಗಿ ಪಾಲಿಸಿ ಕೊಳ್ಳೋರಿಗೆ ಸರ್ಕಾರ ಮಾಡಿರೋ ಮಾರ್ಕೆಟ್‌ಪ್ಲೇಸ್‌ನಲ್ಲಿ ನವೆಂಬರ್ 1ಕ್ಕೆ ಶುರು, ಜನವರಿ 1ರಿಂದ ಕವರ್ ಬೇಕಂದ್ರೆ ಹೆಚ್ಚಿನ ಸ್ಟೇಟ್‌ಗಳಲ್ಲಿ ಡಿಸೆಂಬರ್ 15ರ ಒಳಗೆ ಸೇರ್ಕೋಬೇಕು, ದೊಡ್ಡ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಪ್ಲಾನ್ ಆರಿಸೋ ಓಪನ್ ಎನ್‌ರೋಲ್‌ಮೆಂಟೂ ಹೆಚ್ಚುಕಮ್ಮಿ ಅದೇ ಟೈಮಿಗೆ. ಅಂದ್ರೆ ಊಟಕ್ಕೆ ಕೂತಿರೋ ಪ್ರತಿಯೊಬ್ರ ತಲೇಲೂ ಒಂದೊಂದು ಲೆಕ್ಕ ಓಡ್ತಿರುತ್ತೆ, ಬಾಯಲ್ಲಿ ಬರೋದು ಮಾತ್ರ ರಾಜಕೀಯ.

ನಾವಿರೋದು ಡಲ್ಲಾಸ್ ಹತ್ರ. ಒಂದೇ ಟೇಬಲ್‌ನಲ್ಲಿ ಅಣ್ಣ ದೊಡ್ಡ ಕಂಪನಿ ಇನ್ಶೂರೆನ್ಸ್‌ನಲ್ಲಿ, ಭಾವಂದು ಸ್ವಂತ ಅಂಗಡಿ ಆದ್ದರಿಂದ ಮಾರ್ಕೆಟ್‌ಪ್ಲೇಸ್ ಪ್ಲಾನು, ಸೋದರಮಾವ ಮೆಡಿಕೇರ್‌ನಲ್ಲಿ, ಚಿಕ್ಕಪ್ಪನ ಮಗ ಎಚ್1ಬಿ ಅನ್ನೋ ಕೆಲಸದ ವೀಸಾದಲ್ಲಿ, ಅಮ್ಮ ಹಾಸನದಿಂದ ಬಂದು ವಿಸಿಟರ್ ಇನ್ಶೂರೆನ್ಸ್‌ನಲ್ಲಿ. ಯಾರ ಕಾರ್ಡ್ ಯಾವುದೋ ಅವರ ಸಿದ್ಧಾಂತ ಅದು. ಇದು ಅರ್ಥ ಆದ್ಮೇಲೆ ನಾನು ಒಂದು ರೂಢಿ ಮಾಡ್ಕೊಂಡೆ: ಸರ್ಕಾರ ಮಾಡ್ಬೇಕಾ ಮಾರ್ಕೆಟ್ ಮಾಡ್ಬೇಕಾ ಅನ್ನೋಕೆ ಮುಂಚೆ ನೀವೆಷ್ಟು ಕಟ್ತೀರ, ನಿಮ್ಮ ಪರವಾಗಿ ಯಾರೆಷ್ಟು ಕಟ್ತಾರೆ, ಅದನ್ನ ಹೇಳಿ ಅಂತ ಕೇಳೋದು.

ಅಣ್ಣ ಯಾವಾಗ್ಲೂ ಹೇಳ್ತಿದ್ದಿದ್ದು "ನಾನು ದುಡಿದು ಕಟ್ತೀನಿ, ಬೇರೆಯವ್ರ ಸಬ್ಸಿಡಿಗೆ ನನ್ನ ಟ್ಯಾಕ್ಸ್ ಯಾಕೆ" ಅಂತ. ಅಣ್ಣಾ ನಿನ್ನ ಡಬ್ಲ್ಯೂ-2 ಫಾರಂ, ಅದೇ ಕಂಪನಿ ಕೊಡೋ ವರ್ಷದ ಸಂಬಳ-ಟ್ಯಾಕ್ಸ್ ಲೆಕ್ಕದ ಕಾಗದ, ಫೋನಲ್ಲಿ ತೆಗಿ ಅಂದೆ. ಅದ್ರಲ್ಲಿ ಬಾಕ್ಸ್ 12 ಅಂತಿದೆ, ಅಲ್ಲಿ ಡಿಡಿ ಅನ್ನೋ ಕೋಡ್ ಮುಂದೆ ಇರೋ ನಂಬರ್ ನೋಡಿ, ಅದು ನಿಮ್ಮ ಇನ್ಶೂರೆನ್ಸ್‌ನ ವರ್ಷದ ಪೂರ್ತಿ ಖರ್ಚು, ಕಂಪನಿ ಪಾಲೂ ನಿಮ್ಮ ಪಾಲೂ ಸೇರಿ. ಅವನದ್ದು ಇಪ್ಪತ್ತಾರು ಸಾವಿರ ಡಾಲರ್ ಚಿಲ್ಲರೆ ಇತ್ತು, ಸಂಬಳದಲ್ಲಿ ಅವನಿಗೆ ಕಟ್ ಆಗ್ತಿದ್ದಿದ್ದು ಆರು ಸಾವಿರದ ಹತ್ರ. ಇದೇನು ವಿಶೇಷ ಅಲ್ಲ, 2025ರಲ್ಲಿ ಇಡೀ ದೇಶದಲ್ಲಿ ಕಂಪನಿ ಕೊಡೋ ಫ್ಯಾಮಿಲಿ ಪ್ಲಾನ್‌ನ ಸರಾಸರಿನೇ 26,993 ಡಾಲರ್. ಕಂಪನಿ ಕಟ್ಟೋ ಆ ದೊಡ್ಡ ಭಾಗಕ್ಕೆ ಇನ್‌ಕಂ ಟ್ಯಾಕ್ಸೂ ಇಲ್ಲ, ಮೆಡಿಕೇರ್ ಥರದ್ದಕ್ಕೆ ಸಂಬಳದಲ್ಲಿ ಹಿಡಿಯೋ ಪೇರೋಲ್ ಟ್ಯಾಕ್ಸೂ ಇಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ, 1942ರಲ್ಲಿ, ಸಂಬಳ ಏರಿಸ್ಬೇಡಿ ಅಂತ ಸರ್ಕಾರ ಕಟ್ಟು ಹಾಕಿದಾಗ ಕೆಲಸಗಾರರನ್ನ ಸೆಳೆಯೋಕೆ ಕಂಪನಿಗಳು ಇನ್ಶೂರೆನ್ಸ್ ಕೊಡೋಕೆ ಶುರು ಮಾಡಿದ್ವು, 1954ರ ಟ್ಯಾಕ್ಸ್ ಕಾನೂನಿನಲ್ಲಿ ಆ ವಿನಾಯಿತಿ ಗಟ್ಟಿ ಆಯ್ತು. ಅಂದ್ರೆ ಅಣ್ಣನಿಗೂ ಸಬ್ಸಿಡಿ ಸಿಗ್ತಿದೆ, ಕಣ್ಣಿಗೆ ಕಾಣಲ್ಲ ಅಷ್ಟೇ.

ಅಣ್ಣ ಏನ್ ಸುಮ್ನೆ ಒಪ್ಕೊಳ್ಳೋನಾ. "ಹಂಗಾದ್ರೆ ಅದು ನನ್ನ ಸಂಬಳಾನೇ, ಕೈಗೆ ಕೊಟ್ಬಿಡ್ಲಿ, ನನಗೆ ಬೇಕಾದ್ದು ನಾನೇ ತಗೋತೀನಿ" ಅಂದ. ಅದಕ್ಕೆ ಭಾವ, "ಕೈಗೆ ಕೊಟ್ರೆ ನೀನು ಬಂದು ನಿಲ್ಲೋದು ನಾನಿರೋ ಲೈನಲ್ಲೇ ಕಣಪ್ಪ, ಬಾ ತೋರಿಸ್ತೀನಿ" ಅಂದ್ರು. ನಮ್ಮನೇಲಿ ಈ ವಿಷಯದ ಮೇಲೆ ನಿಜವಾದ ಚರ್ಚೆ ಅಂತ ಶುರುವಾಗಿದ್ದೇ ಆಗ.

ಭಾವನ ಲೈನ್ ಹೆಂಗಿದೆ ಅಂದ್ರೆ, ಅವ್ರಿಗೆ ಮೊದಲಿಂದ ಶುಗರ್. 2014ಕ್ಕೆ ಮುಂಚೆ ಸ್ವಂತವಾಗಿ ಪಾಲಿಸಿ ಕೇಳಿದ್ರೆ ಶುಗರ್ ಇದೆ ಅಂತ ಒಂದು ಕಂಪನಿ ಅಪ್ಲಿಕೇಶನ್ನೇ ವಾಪಸ್ ಕಳಿಸಿತ್ತು. ನಮ್ಮ ಜನದಲ್ಲಿ ಶುಗರ್ ಬಿಪಿ ಇಲ್ಲದ ಮನೆ ಯಾವ್ದಿದೆ ಹೇಳಿ. 2010ರ ಕಾನೂನು ಬಂದು, 2014ರಿಂದ ಹಳೇ ಕಾಯಿಲೆ ಕಾರಣ ಕೊಟ್ಟು ಇಲ್ಲ ಅನ್ನಂಗಿಲ್ಲ ಅಂತಾದ್ಮೇಲೇ ಅವ್ರಿಗೆ ಪಾಲಿಸಿ ಸಿಕ್ಕಿದ್ದು. ಆಮೇಲೆ 2021ರಲ್ಲಿ ಮಾರ್ಕೆಟ್‌ಪ್ಲೇಸ್ ಪ್ಲಾನಿಗೆ ಸರ್ಕಾರ ಕೊಡೋ ಸಬ್ಸಿಡಿ ಜಾಸ್ತಿ ಮಾಡಿದ್ರು, ಸಿಲ್ವರ್ ಅನ್ನೋ ಮಧ್ಯಮ ದರ್ಜೆ ಪ್ಲಾನ್‌ಗೆ ಆದಾಯದ 8.5 ಪರ್ಸೆಂಟ್‌ಗಿಂತ ಜಾಸ್ತಿ ಕೈಯಿಂದ ಹೋಗದ ಹಾಗೆ. ಅದು ಇದ್ದಿದ್ದು 2025ರ ಕೊನೆವರೆಗೆ. 2025ರಲ್ಲಿ ಅಕ್ಟೋಬರ್ 1ರಿಂದ 43 ದಿನ ಗವರ್ನಮೆಂಟ್ ಶಟ್‌ಡೌನ್ ಆಯ್ತಲ್ಲ, ಆ ಜಗಳದ ನಡುಮಧ್ಯ ಇದ್ದಿದ್ದು ಇದೇ ಸಬ್ಸಿಡಿ. ಅದು ಮುಗಿದ್ಮೇಲೆ ಹಳೇ ಆದಾಯದ ಗೆರೆ ವಾಪಸ್ ಬಂತು: 2026ಕ್ಕೆ ಗಂಡ ಹೆಂಡತಿ ಇಬ್ರೇ ಇರೋ ಮನೆಗೆ ವರ್ಷಕ್ಕೆ 84,600 ಡಾಲರ್, ಅದನ್ನ ಒಂದು ಡಾಲರ್ ದಾಟಿದ್ರೂ ಸಬ್ಸಿಡಿ ಸೊನ್ನೆ. ಅರವತ್ತರ ಹತ್ರ ಇರೋರಿಗೆ ರೇಟು ಇಪ್ಪತ್ತೊಂದರ ಹುಡುಗನ ಮೂರು ಪಟ್ಟಿನವರೆಗೂ ಹಾಕ್ಬಹುದು, ಹಾಗಾಗಿ ತಿಂಗಳಿಗೆ ಆರುನೂರು ಕಟ್ತಿದ್ದ ಅಕ್ಕ ಭಾವಂಗೆ ಎರಡು ಸಾವಿರ ದಾಟಿದ ಕಾಗದ ಬಂತು.

ಆ ಕಾಗದ ಕೈಯಿಂದ ಕೈಗೆ ಹೋಯ್ತು. ನೋಡಿದ ಅಣ್ಣ ಏನ್ ಮಾಡ್ದ ಗೊತ್ತಾ, ಸಬ್ಸಿಡಿನೇ ತಪ್ಪು ಅಂತಿದ್ದೋನು, ಭಾವಾ ನಿಮ್ಮ ಆದಾಯ ಆ ಗೆರೆಗಿಂತ ಸ್ವಲ್ಪ ತಾನೇ ಮೇಲಿರೋದು, ಅಂಗಡಿ ಲಾಭದಲ್ಲಿ ಒಂದಷ್ಟು ಸೆಪ್-ಐಆರ್‌ಎ ರಿಟೈರ್‌ಮೆಂಟ್ ಅಕೌಂಟಿಗೆ ಹಾಕಿ, ಲೆಕ್ಕಕ್ಕೆ ಬರೋ ಆದಾಯ ಕೆಳಗಿಳಿಯುತ್ತೆ, ಸಬ್ಸಿಡಿ ಉಳಿಯುತ್ತೆ ಅಂತ ಕೂತು ಲೆಕ್ಕ ಹಾಕ್ಕೊಟ್ಟ. ಅವನ ಅಭಿಪ್ರಾಯ ಬದಲಾಗ್ಲಿಲ್ಲ, ಬದಲಾಗ್ಬೇಕು ಅಂತ ನಾನೂ ಕೇಳ್ಲಿಲ್ಲ. ಈ ಮಾತೇ ಬೇಡ ಅಂತ ನಿಲ್ಲಿಸಿದ್ರೆ ಭಾವಂಗೆ ಆ ದಾರಿ ಯಾರೂ ಹೇಳ್ತಿರ್ಲಿಲ್ಲ.

ಮಾವ ಎಲ್ಲರಿಗೂ ಮೆಡಿಕೇರ್ ಕೊಟ್ಬಿಡಿ ಅಂತಾರೆ. ಅವ್ರ ಮಾತಿನ ಕಡೆಗೆ ನನಗೂ ಒಲವಿದೆ, ಆದ್ರೆ ಮೆಡಿಕೇರ್ ಫ್ರೀ ಅಂತ ತಿಳ್ಕೊಂಡು ವಾದ ಮಾಡೋದು ಸರಿಯಲ್ಲ. ಡಾಕ್ಟರ್ ಖರ್ಚು ನೋಡ್ಕೊಳ್ಳೋ ಪಾರ್ಟ್ ಬಿ ಅನ್ನೋ ಭಾಗದ ಪ್ರೀಮಿಯಮ್ಮೇ 2026ಕ್ಕೆ ತಿಂಗಳಿಗೆ 202.90 ಡಾಲರ್, ಡಾಕ್ಟರ್ ಬಿಲ್‌ನಲ್ಲಿ 20 ಪರ್ಸೆಂಟ್ ನಮ್ಮ ತಲೆ ಮೇಲೆ, ಮೂಲ ಮೆಡಿಕೇರ್‌ನಲ್ಲಿ ಅದಕ್ಕೆ ಮೇಲ್ಮಿತಿ ಇಲ್ಲ, ಅದಕ್ಕೇ ಮಾವ ಬೇರೆ ಒಂದು ಸಪ್ಲಿಮೆಂಟ್ ಪಾಲಿಸಿನೂ ಇಟ್ಕೊಂಡಿದಾರೆ.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಚಿಕ್ಕಪ್ಪನ ಮಗನ ವಿಷಯದಲ್ಲಿ. ಲೇಆಫ್ ಆದಾಗ ಬೇರೆ ಕೆಲಸ ಹುಡುಕೋಕೆ ವೀಸಾದಲ್ಲಿ 60 ದಿನದ ಗಡುವು, ಇನ್ಶೂರೆನ್ಸ್ ಆ ತಿಂಗಳ ಕೊನೆಗೆ ಬಂದ್, ಹೆಂಡತಿ ಬಸುರಿ. ಕೋಬ್ರಾ ಅನ್ನೋ ಕಾನೂನಿನಲ್ಲಿ ಅದೇ ಪ್ಲಾನ್ ಮುಂದುವರಿಸ್ಬಹುದು ಆದ್ರೆ ಕಂಪನಿ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ 102 ಪರ್ಸೆಂಟ್ ನಾವೇ ಕಟ್ಬೇಕು, ಅಂದ್ರೆ ಆ ಡಿಡಿ ನಂಬರ್ ಪೂರ್ತಿ ತಲೆ ಮೇಲೆ ಬರುತ್ತೆ, ಸಂಬಳ ನಿಂತಿರೋ ಹೊತ್ತಲ್ಲಿ. ಈಗ 2025ರ ಕಾನೂನಿನ ಪ್ರಕಾರ 2027ರಿಂದ ಎಚ್1ಬಿಯವ್ರಿಗೆ ಮಾರ್ಕೆಟ್‌ಪ್ಲೇಸ್ ಸಬ್ಸಿಡಿನೂ ಇಲ್ಲ, ಟ್ಯಾಕ್ಸ್ ಮಾತ್ರ ಎಲ್ಲರ ಹಾಗೆ ಕಟ್ಬೇಕು. ಕೆಲಸ, ವೀಸಾ, ಆಸ್ಪತ್ರೆ ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿಟ್ಟಿದಾರೆ, ಒಂದು ಬಿಚ್ಚಿದ್ರೆ ಮೂರೂ ಬಿಚ್ಕೊಳ್ಳುತ್ತೆ. ಸುಧಾರಣೆ ಅಂತ ಆಗೋದಾದ್ರೆ ಕೆಲಸಕ್ಕೂ ಇನ್ಶೂರೆನ್ಸ್‌ಗೂ ಇರೋ ಈ ಗಂಟು ಮೊದಲು ಬಿಚ್ಚಬೇಕು ಅಂತ ನಾನು ಪ್ರತಿ ವರ್ಷ ಹೇಳ್ತೀನಿ, ಈ ವರ್ಷನೂ ಹೇಳ್ತೀನಿ.

ಊರಿನ ಹೋಲಿಕೆ ಬಂದೇ ಬರುತ್ತೆ, ಬೆಂಗಳೂರಲ್ಲಿ ಎಂಆರ್‌ಐ ಎಷ್ಟು ಕಮ್ಮಿ ಅಂತ. ಬರ್ಲಿ, ಆದ್ರೆ ಅಲ್ಲಿ ಎಷ್ಟೋ ಮನೇಲಿ ಆಸ್ಪತ್ರೆ ಬಿಲ್ಲು ಸಾಲ ಮಾಡಿ ಕಟ್ತಾರೆ, ಅದನ್ನೂ ಸೇರ್ಸಿ ಮಾತಾಡಿ. ಅಮ್ಮನ ಬಿಪಿ ಮಾತ್ರೆ ನಾವು ಹಾಸನದಿಂದಲೇ ತರಿಸ್ತೀವಿ, ಯಾಕಂದ್ರೆ ವಿಸಿಟರ್ ಇನ್ಶೂರೆನ್ಸ್ ಹಳೇ ಕಾಯಿಲೆಯ ಮಾಮೂಲಿ ಔಷಧಿಗೆ ಕೊಡಲ್ಲ, ಕೆಲವು ಪಾಲಿಸಿ ಏನಾದ್ರೂ ದಿಢೀರ್ ಅಂತ ಆದ್ರೆ ಮಾತ್ರ ಕೊಡ್ತವೆ. ನಿಮ್ಮ ತಂದೆ ತಾಯಿ ಬಂದಿದ್ರೆ ಆ ಷರತ್ತು ಪೂರ್ತಿ ಓದಿ.

ಒಂದೇ ಒಂದು ವಿಷಯ ಗಟ್ಟಿಯಾಗಿ ಬೇಡ ಅನ್ನಿ: ಮನೆಯವ್ರ ಕಾಯಿಲೆನ ಅವ್ರನ್ನ ಕೇಳ್ದೆ ಉದಾಹರಣೆಗೆ ಎಳೆಯೋದು. ಅಕ್ಕನ ಆಪರೇಶನ್ ಬಿಲ್ ಎಷ್ಟಾಯ್ತು ಅಂತ ಅಕ್ಕನೇ ಹೇಳ್ಬೇಕು. ನಿಮ್ಮನೇಲಿ ಎದ್ದು ಹೋದವ್ರು ಯಾಕೆ ಎದ್ದು ಹೋದ್ರು ಅಂತ ವಿಚಾರಿಸಿ ನೋಡಿ, ಇಂಥದ್ದೇ ಏನೋ ಇರ್ಬಹುದು.

ಮತ್ತೆ, ಮನೆ ಹುಡುಗ್ರಲ್ಲಿ ಯಾರಿಗಾದ್ರೂ ಮುಂದಿನ ವರ್ಷ 26 ತುಂಬುತ್ತಾ ನೋಡ್ಕೊಳ್ಳಿ. ಅಪ್ಪ ಅಮ್ಮನ ಪ್ಲಾನ್‌ನಿಂದ ಆಗ ಹೊರಗೆ ಬರ್ತಾರೆ, ಕವರ್ ನಿಲ್ಲೋ ದಿನದ ಹಿಂದೆ ಮುಂದೆ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೆ ಪ್ಲಾನ್ ತಗೋಬಹುದು, ಆಫೀಸ್ ಪ್ಲಾನ್‌ಗೆ ಸೇರೋದಾದ್ರೆ ಗಡುವು 30 ದಿನಾನೇ ಇರ್ಬಹುದು, ಎಚ್‌ಆರ್‌ನಲ್ಲಿ ಕೇಳೋಕೆ ಹೇಳಿ.