80 ವರ್ಷದ ಶಾಂತಿಗೆ ದುಡಿದವರು ಯಾರು?

ನಮಸ್ಕಾರ.

ನಿಮ್ಮ ಕಾದಂಬರಿಯ ಏಳನೇ ಅಧ್ಯಾಯ ‘ಸುವರ್ಣಯುಗ’ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳಿದರೆ ನಿಮಗೆ ಏನೂ ಉಪಯೋಗವಿಲ್ಲ. ಆದರೆ ಬಿಟ್ಟುಬಿಡಿ ಅನ್ನುತ್ತಿಲ್ಲ. ಇದರೊಳಗೆ ಒಂದು ಒಳ್ಳೆಯ ಕಥೆ ಇದೆ. ಅದನ್ನು ನೀವು ಅರ್ಧ ಪುಟದಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟಿದ್ದೀರಿ.

ನೀವು ಕಟ್ಟಿದ ಸಿರಿವಂತಿ ದೇಶದಲ್ಲಿ ಆರು ಅಧ್ಯಾಯ ಬರೀ ಯುದ್ಧ. ಏಳನೆಯದರಲ್ಲಿ ಹೊಸ ರಾಜ ಪಟ್ಟಕ್ಕೆ ಬರುತ್ತಾನೆ, ಅಲ್ಲಿಂದ 80 ವರ್ಷ ಶಾಂತಿ. ಮಳೆ ಬೆಳೆ ಚೆನ್ನಾಗಿತ್ತು, ಪ್ರಜೆಗಳು ಸುಖವಾಗಿದ್ದರು, ಮುತ್ತು ರತ್ನ ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು. ಹೀಗೇ ಪುಟಗಟ್ಟಲೆ. ಯುದ್ಧದ ಅಧ್ಯಾಯಗಳಲ್ಲಿ ನಿಮಗೆ ಎಲ್ಲದರ ಕಾರಣ ಗೊತ್ತು. ಯಾವ ಕೋಟೆ ಯಾಕೆ ಬಿತ್ತು, ರಾತ್ರಿ ದಿಡ್ಡಿ ಬಾಗಿಲು ತೆರೆದವರು ಯಾರು, ಅವರಿಗೆ ಎಷ್ಟು ಸಿಕ್ಕಿತು. ಶಾಂತಿ ಬಂದ ಕೂಡಲೇ ಕಾರಣಗಳೆಲ್ಲ ಮಾಯ. ರಾಜ ಒಳ್ಳೆಯವನು, ಅದಕ್ಕೇ ಎಲ್ಲ ಸರಿಹೋಯಿತು. ಓದುವವರು ಇದನ್ನು ನಂಬುವುದಿಲ್ಲ. ಶಾಂತಿಯೂ ಯಾರೋ ದಿನಾ ಎದ್ದು ಮಾಡಬೇಕಾದ ಕೆಲಸ. ಮಾಡಿದವರು ಯಾರು, ಅದರ ಖರ್ಚು ಯಾರ ತಲೆ ಮೇಲೆ ಬಿತ್ತು? ಅದು ನಿಮ್ಮ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಮುತ್ತು ರತ್ನದ ಮಾತು ನಾವೆಲ್ಲ ಶಾಲೆಯಲ್ಲಿ ಹಂಪಿ ಪಾಠದಲ್ಲಿ ಕೇಳಿದ್ದು, ಅಲ್ವಾ? ಆದರೆ ನಾವು ಸುವರ್ಣಯುಗ ಅನ್ನುವ ಕೃಷ್ಣದೇವರಾಯನ ಕಾಲ, 1509ರಿಂದ 1529, ತುಂಬಾ ಯುದ್ಧ ಕಂಡ ಕಾಲ. ಒಡಿಶಾದ ಗಜಪತಿ ರಾಜರ ಮೇಲೆ ವರ್ಷಗಟ್ಟಲೆ ದಂಡಯಾತ್ರೆ ನಡೆಯಿತು, 1520ರಲ್ಲಿ ರಾಯಚೂರು ಯುದ್ಧವಾಯಿತು. ಆ ಸುಮಾರಿಗೆ ಹಂಪಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರತ್ನಗಳ ಜೊತೆಗೆ ಹುರುಳಿ, ಕಾಳು, ಕೋಳಿ ಮಾರಾಟವನ್ನೂ ಬರೆದಿಟ್ಟ. ನನಗೆ ಆ ಊರು ಕಣ್ಣಿಗೆ ಕಟ್ಟುವುದು ಹುರುಳಿಯಿಂದ. ನಿಮ್ಮ ಪೇಟೆಯಲ್ಲಿ ತಿನ್ನುವ ವಸ್ತು ಒಂದೂ ಇಲ್ಲ.

ಶಾಂತಿಗೆ ಹೆಸರಾದ ರಾಜನೇ ಬೇಕಿದ್ದರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ನೋಡಿ. 60 ವರ್ಷಕ್ಕಿಂತ ಜಾಸ್ತಿ ಆಳಿದವನು. ಆದರೆ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಬಂಡಾಯ ಎದ್ದು ಸಿಂಹಾಸನವೇ ಕೈತಪ್ಪಿತು. ಗುಜರಾತಿನಲ್ಲಿದ್ದ ದಾಯಾದಿ ಕರ್ಕ ಬಂದು ಮತ್ತೆ ಕೂರಿಸಿದ. ಗಂಗರ ಜೊತೆ ಜಗಳ ಬಹಳ ಕಾಲ ನಡೆಯಿತು. ಕೊನೆಗೆ ಮಗಳು ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಮದುವೆ ಮಾಡಿದ. ಆ ಹುಡುಗಿಯ ಬಗ್ಗೆ ಯೋಚಿಸಿ. ನಿನ್ನೆವರೆಗೆ ಹಗೆಯಾಗಿದ್ದ ಮನೆಗೆ ಸೊಸೆಯಾಗಿ ಹೋಗಬೇಕು. ಎರಡು ಸೈನ್ಯ ಮಾಡಲಾಗದ ಕೆಲಸ ಅವಳ ಸಂಸಾರದ ಮೇಲೆ ಬಿತ್ತು. ನಿಮ್ಮಲ್ಲೂ ಪಕ್ಕದ ದೇಶದ ರಾಜಕುಮಾರಿ ಮದುವೆಯಾಗಿ ಬರುತ್ತಾಳೆ. ಅವಳಿಗೆ ಒಂದೇ ವಾಕ್ಯ, ಅದೂ ಅವಳ ಒಡವೆ ಬಗ್ಗೆ. ಅವಳಿಗೆ ಮಾತು ಕೊಡಿ.

ಬಸವನಗುಡಿಯ ಮನೆಯಲ್ಲಿ ಕೂತು ರಾತ್ರಿ ಬರೆಯುತ್ತೇನೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಹಾಗಿದ್ದರೆ ಉದಾಹರಣೆ ನಿಮ್ಮ ಬೀದಿಯಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸಂಸ್ಥಾನವನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. 1902ರಲ್ಲಿ ಶಿವನಸಮುದ್ರದ ಕರೆಂಟು, 1905ರಲ್ಲಿ ಬೆಂಗಳೂರಿನ ಬೀದಿ ದೀಪ, 1915ರಲ್ಲಿ ಸಾಹಿತ್ಯ ಪರಿಷತ್ತು, ಮರುವರ್ಷ ಮೈಸೂರು ವಿಶ್ವವಿದ್ಯಾಲಯ. ನನಗೂ ಹೆಮ್ಮೆಯೇ. ಆದರೆ ಕತ್ತಿ ಬ್ರಿಟಿಷರ ಕೈಯಲ್ಲಿತ್ತು, ಅದಕ್ಕೆ ಸಂಸ್ಥಾನ ವರ್ಷಾ ವರ್ಷ ಲಕ್ಷಗಟ್ಟಲೆ ರೂಪಾಯಿ ಕಟ್ಟುತ್ತಿತ್ತು. 1876–78ರ ಬರದಲ್ಲಿ ಸತ್ತ ಲಕ್ಷಾಂತರ ಜನರ ನೆನಪು ಮನೆಮನೆಯಲ್ಲಿ ಇನ್ನೂ ಹಸಿಯಾಗಿತ್ತು. 1898ರ ಪ್ಲೇಗಿನ ಭಯದಿಂದ ಜನ ಪೇಟೆ ಬಿಟ್ಟು ಬಂದಾಗ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಲ್ಲಿನ ಅಗಲ ರಸ್ತೆ, ಸಾಲುಮರಗಳನ್ನು ಎಲ್ಲರೂ ಹೊಗಳುತ್ತಾರೆ. ಹಳೇ ಮನೆಗಳ ಹಿಂದಿನ ಸಣ್ಣ ಓಣಿ ಕಂಡಿದ್ದೀರಾ? ಕನ್ಸರ್ವೆನ್ಸಿ ಲೇನ್ ಅನ್ನುತ್ತಾರೆ. ಮಲ ಹೊರುವವರು ಮುಂದಿನ ರಸ್ತೆಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಬಿಟ್ಟ ದಾರಿ ಅದು. ನಿಮ್ಮ ಸಿರಿವಂತಿಯ ರಾಜಧಾನಿಯಲ್ಲಿ ಆ ಓಣಿ ಎಲ್ಲಿದೆ?

ಈಗ ಆ ಅರ್ಧ ಪುಟಕ್ಕೆ ಬರುತ್ತೇನೆ. ಮಳೆ ಕೈಕೊಟ್ಟ ವರ್ಷ. ಕೆರೆಯಲ್ಲಿ ತೂಬಿನ ಮಟ್ಟಕ್ಕೆ ಬಂದ ನೀರು. ಗದ್ದೆಗಳಿಗೆ ನೀರು ಬಿಡುವ ಮುದುಕ ನೀರಗಂಟಿ ಏರಿ ಮೇಲೆ ಕೂತಿದ್ದಾನೆ. ರಾತ್ರಿ ಮೇಲಿನ ಗದ್ದೆಯ ಗೌಡರ ಮಗ ಒಂದು ಚೀಲ ರಾಗಿ ಹೊರಿಸಿಕೊಂಡು ಬರುತ್ತಾನೆ. ಮುದುಕ ಚೀಲ ನೋಡುತ್ತಾನೆ, ಏನೂ ಮಾತಾಡದೆ ಇಳಿದು ತೂಬು ಮುಚ್ಚುತ್ತಾನೆ. ನಾನು ಓದುತ್ತಾ ನೆಟ್ಟಗೆ ಕೂತೆ. ಮುಂದಿನ ಸಾಲು: “ಹೀಗೆ ರಾಜ್ಯದಲ್ಲಿ ನ್ಯಾಯ ನೆಲೆಸಿತ್ತು.” ಅಯ್ಯೋ, ಮರುದಿನ ಬೆಳಿಗ್ಗೆ ಏನಾಯಿತು? ಆ ಮುದುಕ ಕೆರೆ ಏರಿಯಿಂದ ಮನೆಗೆ ಹೇಗೆ ನಡೆದು ಹೋದ? ಅಚ್ಚುಕಟ್ಟಿನ ಕೊನೆ ಗದ್ದೆ ಯಾರದು, ಅವರಿಗೆ ನೀರು ತಲುಪಿತಾ? ನಮ್ಮ ಕಡೆ ಬಹಳ ಊರುಗಳಲ್ಲಿ ನೀರಗಂಟಿ ಕೆಲಸ ದಲಿತ ಮನೆಗಳದ್ದು. ಎಲ್ಲರ ಗದ್ದೆಗೂ ನೀರು ಹಂಚುವವನಿಗೆ ಊರ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಸಿರಿವಂತಿಯಲ್ಲಿ ಬಿಡುತ್ತಾರಾ? ಬಿಡುವುದಾದರೆ ಅದು ಹೇಗೆ ಸಾಧ್ಯವಾಯಿತು, ಯಾರು ಹೊಡೆದಾಡಿದರು? ನಿಮ್ಮ ಸುವರ್ಣಯುಗ ನಿಜವೋ ಸುಳ್ಳೋ ಅನ್ನುವುದು ಆ ಬಾವಿಕಟ್ಟೆ ಮೇಲೆ ತೀರ್ಮಾನವಾಗುತ್ತದೆ.

ಬಿಡುವಾದಾಗ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ‘ಬೆಂಗಳೂರು’ ಹೆಸರು ನಮಗೆ ಮೊದಲು ಸಿಗುವುದು ಅಲ್ಲಿನ ಕಲ್ಲಿನಲ್ಲಿ, ಕ್ರಿ.ಶ. 900ರ ಸುಮಾರಿನದು. ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು. ಹೊಡೆದಾಡಿ ಸತ್ತವರಿಗೆ ವೀರಗಲ್ಲು ಸಿಕ್ಕಿತು. ಕೆರೆ ಕಟ್ಟಿದವರು, ಹೂಳು ತೆಗೆಸಿದವರ ಸುದ್ದಿ ಬೇಕಾದರೆ ದಾನಶಾಸನಗಳಲ್ಲಿ ಹುಡುಕಬೇಕು. ಬಿತ್ತುವಟ್ಟ, ಕಟ್ಟುಗೊಡಗೆ ಅಂತ ಅವರಿಗೆ ಬಿಟ್ಟ ಜಮೀನಿನ ಲೆಕ್ಕ ಅಲ್ಲಿದೆ. ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದ್ದಾರೆ, ಅದನ್ನೂ ನೋಡಿ. ಒಂದು ಶಾಂತಿಕಾಲದ ಲೆಕ್ಕಪತ್ರ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಭಾಷೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸುಭಿಕ್ಷ’, ‘ಸಮೃದ್ಧಿ’, ‘ವೈಭವ’ ಬಂದ ಕಡೆಯೆಲ್ಲ ಸುಮ್ನೆ ಹೊಡೆದುಹಾಕಿ, ಏನೂ ಕಳೆದುಹೋಗುವುದಿಲ್ಲ. ನೀರಗಂಟಿಯ ಅರ್ಧ ಪುಟದಲ್ಲಿ ಇವು ಒಂದೂ ಇಲ್ಲ. ಹಾಗೆ ಬರೆಯಲು ನಿಮಗೆ ಬರುತ್ತದೆ.

ಈ ಅಧ್ಯಾಯವನ್ನು ಆ ಕೆರೆ ಏರಿಯಿಂದ ಶುರು ಮಾಡಿ ಮತ್ತೆ ಬರೆಯಿರಿ. ರಾಜ ಬೇಕಾದರೆ ದೂರದಲ್ಲಿರಲಿ. ಹದಿನೈದು ಪುಟ ಸಾಕು, ಯೂನಿಕೋಡ್‌ನಲ್ಲಿ ಕಳಿಸಿ. ಉಳಿದ ಆರು ಅಧ್ಯಾಯ ನನ್ನ ಮೇಜಿನ ಮೇಲೇ ಇರುತ್ತವೆ, ಇದು ಬಂದ ಮೇಲೆ ಒಟ್ಟಿಗೆ ಓದುತ್ತೇನೆ.